ಹಗುರ ಮುಚ್ಚಳ

ಕಾಕಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಅಂಗಳದ ಹೌದಿಗೆ, ಅಂದರೆ ನೀರಿನ ಗಿಡ್ಡ ತೊಟ್ಟಿಗೆ, ಮುಚ್ಚಿದ್ದ ಪರಸಿಕಲ್ಲಿನ ಭಾರದ ಚಪ್ಪಡಿಯನ್ನು ದಿನಾ ಎತ್ತಿ ಇಡುವಾಗ ಬೆರಳು ಸಿಕ್ಕಿಕೊಂಡು ಆದ ಕಪ್ಪು ಅದು. ಜೇವರ್ಗಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಆಕೆ, ಓಣಿಗೆಲ್ಲ ಕಾಕಿ. ನಳ ಬರುವುದು ಅಪರೂಪ, ಹಾಗಾಗಿ ಪಕ್ಕದಲ್ಲೇ ಇದ್ದ ಆಕೆಯ ಮನೆಗೂ ನಮಗೂ ಆ ಹೌದಿನ ನೀರೇ ಗತಿ.

ಆಗಷ್ಟೇ ನಡೆಯಲು ಕಲಿತಿದ್ದ ನನ್ನ ಮಗಳ ಕಾಲಿಗೆ ಗೆಜ್ಜೆ ಕಟ್ಟಿಸಿದ್ದು ಕಾಕಿಯೇ. ನಮ್ಮ ನಾಯಿಮರಿ ಮೋತಿಯ ಕೊರಳಿಗೂ ಒಂದು ಗಂಟೆ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತರೂ ಆಕೆಯ ಕಿವಿ ಅಂಗಳದಲ್ಲೇ. "ಸಪ್ಪಳ ಇದ್ರ ಚಿಂತಿಲ್ಲ ಯವ್ವಾ, ಸಪ್ಪಳ ನಿಂತ್ರ ಓಡಬೇಕು" ಎನ್ನುತ್ತಿದ್ದಳು. ಕೂಸು ಒಲೆಯ ಹತ್ತಿರ ಸುಳಿದರೆ ಬೈಗುಳ ನನಗೆ: "ಕೂಸಿನ ಕಾವಲಿಗೆ ಐತವಾರನೂ ಸೂಟಿ ಇರಾಂಗಿಲ್ಲ ಬೇ!"

ಆ ಉಗುರು ನೋಡಿ ನೋಡಿ ನನಗೇ ತಡೆಯಲಾಗಲಿಲ್ಲ. ಒಮ್ಮೆ ಸಂತೆಯಿಂದ ಪ್ಲಾಸ್ಟಿಕ್ ಮುಚ್ಚಳ ತಂದೆ. ಕಾಕಿ ಒಪ್ಪಲಿಲ್ಲ. "ನನಗ ಹಗುರ ಆದದ್ದು ಕೂಸಿಗೂ ಹಗುರ ಆಗ್ತದ" ಅಂದಳು. ನಾನು ಹಟ ಹಿಡಿದೆ. ಕೊನೆಗೆ ಪರಸಿ ಗೋಡೆಗೆ ಒರಗಿತು. ಕಾಕಿಯ ಉಗುರಿನ ಬುಡ ಬೆಳ್ಳಗಾಗುತ್ತ ಬಂದಂತೆ, ಪುಣ್ಯದ ಕೆಲಸ ಮಾಡಿದೆನೆಂದು ನಾನು ಉಬ್ಬಿಹೋದೆ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಆ ಬಡಿತದಲ್ಲಿ ಗೆಜ್ಜೆ ನಿಂತದ್ದು ನನಗೆ ತಿಳಿಯಲೇ ಇಲ್ಲ. ಕಾಕಿಗೆ ತಿಳಿಯಿತು. ಆಕೆ ಓಡಿ ಬರುವಷ್ಟರಲ್ಲಿ ಮೋತಿ ಜಿಗಿದ ಭಾರಕ್ಕೆ ಮುಚ್ಚಳ ಮಗುಚಿತ್ತು. ನೀರಿಗೆ ಬಿದ್ದ ಮರಿಯನ್ನು ಹಿಡಿಯಲು ಬಾಗಿದ್ದ ಮಗಳ ಕಾಲುಗಳು ನೆಲ ಬಿಟ್ಟಿದ್ದವು. ಕಾಕಿ ಲಂಗ ಹಿಡಿದು ಎಳೆದುಕೊಂಡಳು. ಮೋತಿಯನ್ನು ಮೇಲೆತ್ತುವಷ್ಟರಲ್ಲಿ ಅದರ ಉಸಿರು ಹೋಗಿತ್ತು.

ನನ್ನ ಗಂಡನ ಸಿಟ್ಟು ಓಣಿಗೇ ಗೊತ್ತು. ಸುದ್ದಿ ತಿಳಿದು ಬಂದವರೇ ಕೂಗಾಡಿದರು: "ಪರಸಿ ತಗದು ಈ ಹಾಳಾದ್ದು ಯಾರು ಇಟ್ಟಾರ?"

ನಾನು ಬಾಯಿ ತೆರೆಯುವ ಮೊದಲೇ ಕಾಕಿ ಅಂದಳು: "ನಾನೇ ತಮ್ಮಾ. ಕಲ್ಲು ಎತ್ತಲಾಕ ಆಗವಲ್ದು ಅಂತ ತರಿಸಿದ್ದೆ."

"ಹೌದೇನು?" ಎಂದು ಅವರು ನನ್ನತ್ತ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೆ ಇಂದಿಗೂ ನಾಚುತ್ತೇನೆ. ಸಂಜೆಗೆ ಪರಸಿ ಮತ್ತೆ ಹೌದಿನ ಮೇಲಿತ್ತು. ಕಾಕಿ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ; ನಾನೂ ಎತ್ತಲಿಲ್ಲ.

ಮೊನ್ನೆ ಕಾಕಿ ಲಿಂಗೈಕ್ಯಳಾದಳು. ಕೈಗೆ ವಿಭೂತಿ ಹಚ್ಚುವಾಗ ನೋಡಿದೆ, ಉಗುರು ಕಪ್ಪಗೇ ಇತ್ತು. ಕೊಳಕೂರಿನಿಂದ ಬಂದಿದ್ದ ಆಕೆಯ ಮಗಳು ನನ್ನ ಕೈ ಹಿಡಿದು ಅತ್ತಳು. "ಆ ಮುಚ್ಚಳದ ಮಾತು ಊರವರೆಲ್ಲ ಆಡಿದ್ರು ಅಕ್ಕಾ. ನಮ್ಮವ್ವ ಸುಮ್ಮನ ಕೇಳ್ಕೊಂಡ್ಳು. ಅಕಿ ತಪ್ಪು ಮಾಫ್ ಮಾಡ್ರಿ."

ಎತ್ತರಕ್ಕೆ ಬೆಳೆದ ನನ್ನ ಮಗಳು ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು.

"ಮಾಫ್ ಮಾಡೀನ್ರಿ" ಅಂದೆ.