ಸಂಶಯಕ್ಕೊಂದು ಭಾಷೆ

ಮಿರಜದ ಆಸ್ಪತ್ರೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ನನ್ನ ಮೇಲಿದ್ದ ಸಾಹೇಬರು ಎಲ್ಲರೊಡನೆ ಮರಾಠಿ ಮಾತಾಡುತ್ತಿದ್ದರು. ಸಂಶಯ ಬಂದರೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು: "ಆತು ಅನಬ್ಯಾಡ, ತೋರಿಸು."

ಒಮ್ಮೆ ನಾನು ಜಾವಾಸ್ಕ್ರಿಪ್ಟಿನಲ್ಲಿ ಬರೆದ ಪುಟದಲ್ಲಿ ಅಥಣಿಯ ಅಜ್ಜಿಯೊಬ್ಬಳ ಹೆಸರು ಬಂತು. ಆಪರೇಷನ್ನಿಗೆ ಬೇಕಾಗಿದ್ದ ರಕ್ತದ ಗುಂಪು ಮಾತ್ರ ಬರಲಿಲ್ಲ.

"ಒಳಗಿನ ಪ್ರಾಮಿಸ್ಸಿಗೆ ಉತ್ತರ ಬಂದೈತ್ರಿ, ನಾ ನೋಡೇನಿ," ಎಂದೆ. ಪ್ರಾಮಿಸ್ ಎಂದರೆ ಉತ್ತರ ಆಮೇಲೆ ತಂದುಕೊಡುತ್ತೇನೆಂದು ಕೋಡು ಕೊಡುವ ಮಾತು; ಇಲ್ಲಿ ಒಂದರೊಳಗೆ ಇನ್ನೊಂದಿತ್ತು.

"ಅದನ್ನ ಹೊರಗಿನದಕ್ಕ ಯಾರು ಕೊಟ್ಟಾರ?" ಅವರ ಬೆರಳು, ಉತ್ತರವನ್ನು ಹೊರಗೆ ದಾಟಿಸುವ 'ರಿಟರ್ನ್' ಪದವನ್ನು ನಾನು ಬರೆಯದೆ ಬಿಟ್ಟಿದ್ದ ಸಾಲಿನ ಮೇಲೆ ನಿಂತಿತು.

ಬರೆದೆ. ಗುಂಪು ಮೂಡಿತು. "ಆತ್ರಿ," ಎಂದೆ.

ಅವರು ನನ್ನನ್ನೂ ಪರದೆಯನ್ನೂ ಒಂದೇ ಥರ ನೋಡಿ, ಚಪ್ಪಲಿ ಮೆಟ್ಟಿ ಕೆಳಗಿನ ಲ್ಯಾಬಿಗೆ ಹೋದರು. ಅಲ್ಲಿಯ ಕಾಗದ ಓದಿ ಬಂದ ಮೇಲೆಯೇ ಸರಿಯಾಗಿದೆ ಎಂದು ಮರಾಠಿಯಲ್ಲಿ ಹೇಳಿದರು: "ಬರೋಬರ್ ಆಹೆ."