ಸುಶೀಲವ್ವನ ಎತ್ತರದ ಕಲ್ಲು

ಸಿದ್ದಲಿಂಗನಿಗೆ ಭಾರದ ವಿಷಯ ಚೆನ್ನಾಗಿ ಗೊತ್ತಿತ್ತು, ಆದರೆ ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ. ದಾಂಡೇಲಿಯ ಒಂದು ವೇ-ಬ್ರಿಜ್ಜಿನಲ್ಲಿ ಲಾರಿ ತೂಗಿ ಚೀಟಿ ಹರಿದು ಕೊಡುವುದು ಅವನ ನೌಕರಿ. ದಿನವಿಡೀ ಟನ್ನುಗಟ್ಟಲೆ ತೂಗುವ ಈ ಶೂರನಿಗೆ ಮನೆ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ಬಂದ ಕೂಡಲೇ ಸೊಂಟನೋವು ನೆನಪಾಗುತ್ತಿತ್ತು. ಇಂಥವನನ್ನು ಮೆಕ್ಯಾನಿಕ್ ರಾಜೇಸಾಬರು ಕಲ್ಲು ಎತ್ತಲು ಗುಡ್ಡಕ್ಕೆ ಕರೆದಿದ್ದರು. ಕೆಟ್ಟುನಿಂತ ತನ್ನ ಬೈಕು ಅವರ ಗ್ಯಾರೇಜಿನಲ್ಲೇ ಇದ್ದುದರಿಂದ ಒಲ್ಲೆ ಅನ್ನಲಿಕ್ಕೂ ಬರಲಿಲ್ಲ.

ರಾಜೇಸಾಬರ ಗುಡ್ಡದ ನಂಟು ಹಳೆಯದು. ಹರೆಯದಲ್ಲಿ ಒಮ್ಮೆ ಜೋಯಿಡಾ ಕಡೆಯ ಗುಡ್ಡದ ಮೇಲಿನ ಊರಿಗೆ ಹಿಟ್ಟಿನ ಗಿರಣಿಯ ಇಂಜಿನ್ ರಿಪೇರಿಗೆ ಹೊರಟಿದ್ದರಂತೆ. ಜೀಪು ಏರದ ದಾರಿ, ತಲೆಯ ಮೇಲೆ ಸಾಮಾನಿನ ಪೆಟ್ಟಿಗೆ. ಅರ್ಧ ಏರುವಷ್ಟರಲ್ಲಿ ಕಾಲು ನಡುಗತೊಡಗಿದವು. ಆಗ ದಾರಿಯ ಬದಿಗೆ ಎರಡು ಕಲ್ಲುಕಂಬ, ಅವುಗಳ ಮೇಲೊಂದು ಅಡ್ಡಗಲ್ಲು ಕಂಡಿತು. ಹೊರೆಗಲ್ಲು. ಬಗ್ಗಬೇಕಾಗಿಲ್ಲ, ಯಾರನ್ನೂ ಕರೆಯಬೇಕಾಗಿಲ್ಲ. ತಲೆಯ ಮೇಲಿನದನ್ನು ಹಾಗೇ ಅದರ ಮೇಲೆ ಜಾರಿಸಿ ಇಡಬಹುದು, ದಣಿವಾರಿಸಿಕೊಂಡು ಹಾಗೇ ತಲೆಗೆ ಎಳೆದುಕೊಳ್ಳಬಹುದು. ಅದನ್ನು ನಿಲ್ಲಿಸಿದವರು ಯಾರೆಂದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೆಸರೇ ಗೊತ್ತಿಲ್ಲದವರಿಗೆ ಶುಕ್ರಿಯಾ ಹೇಳುವುದು ಹೇಗೆ? ರಾಜೇಸಾಬರು ಮುಂದಿನ ರವಿವಾರ ಕುಡುಗೋಲು ಹಿಡಿದು ಹೋಗಿ ಆ ದಾರಿಯ ಮುಳ್ಳು ಸವರಿ ಬಂದರು. ಆಮೇಲೆ ಅದು ಬಿಡಲಾಗದ ಚಟವಾಯಿತು. ಕುಸಿದ ಮೆಟ್ಟಿಲು ಕೂಡಿಸುವುದು, ಒರತೆಯ ಬಾಯಿಗೆ ಕಟ್ಟಿದ ಎಲೆ ತೆಗೆಯುವುದು, ಹೀಗೆ. ಗಂಡ ಗುಡ್ಡದ ಮೇಲೆ ಎರಡನೇ ಸಂಸಾರ ಹೂಡಿದ್ದಾನೆಂದು ಹೆಂಡತಿ ಶಹನಾಜ ಬಂದವರಿಗೆಲ್ಲ ಹೇಳುತ್ತಿದ್ದರು. ಬುತ್ತಿ ಕಟ್ಟುವುದನ್ನು ಮಾತ್ರ ಒಂದು ರವಿವಾರವೂ ತಪ್ಪಿಸಿರಲಿಲ್ಲ.

ಹೋದ ಮಳೆಗಾಲ ಮರವೊಂದು ಉರುಳಿ ಹೊರೆಗಲ್ಲನ್ನು ಕೆಡವಿತು. ಅದರಿಂದ ಹೆಚ್ಚು ಕಷ್ಟವಾದದ್ದು ಸುಶೀಲವ್ವನಿಗೆ. ಹಳಿಯಾಳದ ಬಯಲಿನಿಂದ ಈ ಗುಡ್ಡಕ್ಕೆ ಮದುವೆಯಾಗಿ ಬಂದವಳು, ಕೆಳಗಿನಿಂದ ರೇಶನ್ ಅಕ್ಕಿ ಹೊತ್ತು ತರುವವಳು. ನಡುದಾರಿಯಲ್ಲಿ ಚೀಲ ನೆಲಕ್ಕಿಟ್ಟರೆ ಮತ್ತೆ ತಲೆಗೆ ಎತ್ತಿ ಕೊಡುವವರು ಬೇಕು. ಜೊತೆ ಸಿಗದ ದಿನ ಅಕ್ಕಿಯನ್ನು ಕೆಳಗಿನ ಅಂಗಡಿಯಲ್ಲೇ ಬಿಟ್ಟು ಬರಿಗೈಲಿ ಏರುತ್ತಿದ್ದಳು. ಈಗ ಮತ್ತೊಂದು ಮಳೆಗಾಲ ಹತ್ತಿರ ಬಂದಿತ್ತು; ಮಳೆ ಹಿಡಿದರೆ ಮಣ್ಣು ಕಂಬಗಳನ್ನು ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಕಲ್ಲು ಈ ರವಿವಾರವೇ ನಿಲ್ಲಬೇಕಿತ್ತು.

ರಾಜೇಸಾಬರು ಅರಣ್ಯ ಇಲಾಖೆಯವರಿಗೆ ಹೇಳಿ, ಗ್ಯಾರೇಜಿನಲ್ಲಿ ಇಂಜಿನ್ ಎತ್ತುವ ಚೈನ್ ಪುಲ್ಲಿಯನ್ನೇ ತಂದಿದ್ದರು. ಮೂರು ಗಳ ಕಟ್ಟಿ ನಿಲ್ಲಿಸಿ ಅದನ್ನು ತೂಗುಹಾಕಿದರು. ಊರಿನ ನಾಲ್ಕೈದು ಮಂದಿ ಕೈಗೂಡಿಸಿದರು. ಸಿದ್ದಲಿಂಗನ ತೋಳು ನೋಡಿ, ಕಂಬಗಳ ಪಾಚಿ ತೆಗೆಯುವ ಕೆಲಸ ಕೊಟ್ಟರು. ಫೋಟೋದಲ್ಲಿ ಚೆಂದ ಬರಲೆಂದು ಅವನು ತೆಂಗಿನ ನಾರು ಹಾಕಿ ತಿಕ್ಕಿದ್ದೇ ತಿಕ್ಕಿದ್ದು.

"ಕಂಬದ ಮ್ಯಾಲೆ ಹಳೇ ಮಣ್ಣಿನ ಗೆರಿ ಇತ್ತಲ್ಲೋ, ಎಷ್ಟು ಹುಗದಿದ್ರು ಅಂತ ನೋಡಾಕ. ಎಲ್ಲಿ ಹೋತು?" ಎಂದು ರಾಜೇಸಾಬರು ಕೇಳಿದರು.

"ತೊಳದೇನ್ರಿ ಚಾಚಾ."

"ಚಲೋ ತೊಳದಿ. ಇನ್ನ ನೀನ ಅಳತಿ ಟೇಪು. ಬಂದು ನಿಂದ್ರು ಇಲ್ಲೆ."

ಊರಿನವರಿಗಿಂತ ಗೇಣುದ್ದ ಹೆಚ್ಚಿದ್ದ ಸಿದ್ದಲಿಂಗ ಎದೆಯುಬ್ಬಿಸಿ ನಿಂತ. ಅವನ ತಲೆಯ ಮಟ್ಟಕ್ಕೆ ಕಂಬ ಹುಗಿದರು, ಮೇಲೆ ಅಡ್ಡಗಲ್ಲು ಕೂತಿತು. ತನ್ನ ಎತ್ತರ ಕಡೆಗೂ ಸಮಾಜದ ಉಪಯೋಗಕ್ಕೆ ಬಂತೆಂದು ಅವನು ಫೋಟೋ ಹೊಡೆದುಕೊಂಡ.

ಅಷ್ಟರಲ್ಲಿ ಚೀಲ ಹೊತ್ತ ಸುಶೀಲವ್ವ ಕೆಳಗಿನಿಂದ ಬಂದಳು. ಕಲ್ಲಿನ ಮಗ್ಗುಲಿಗೆ ನಿಂತು ಚೀಲ ಜಾರಿಸಲು ನೋಡಿದಳು. ಅದು ಅಡ್ಡಗಲ್ಲಿನ ಅಂಚಿಗೆ ಬಡಿದು ನಿಂತಿತು.

"ಯಾರ ತಲಿ ಅಳತಿ ಹಿಡದೀರಿ ಇದಕ್ಕ?" ಎಂದಳು. ಎಲ್ಲರೂ ಸಿದ್ದಲಿಂಗನ ಕಡೆ ನೋಡಿದರು. "ತಮ್ಮಾ, ನೀ ಎಂದರ ಅಕ್ಕಿ ಹೊತ್ತಿಯೇನು?"

"ಇಲ್ಲ ಯವ್ವಾ. ಬರೇ ತೂಗೇನಿ."

ಹಾಗಾದರೆ ಇವತ್ತು ಹೊರು ಎಂದು, ಊರಿನವರ ಕೈಯಿಂದ ಚೀಲವನ್ನು ಅವನ ತಲೆಗೆ ದಾಟಿಸಿದಳು. ಕುತ್ತಿಗೆ ಹೆಗಲೊಳಗೆ ಇಳಿದು ಹೋಯಿತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣಿಗೆ ಆ ಕಲ್ಲೊಂದೇ ಕಾಣುತ್ತಿತ್ತು. ಚೀಲ ಅದರ ಮೇಲೆ ಜಾರಿದಾಗ, ಅದನ್ನು ಮೊದಲು ನಿಲ್ಲಿಸಿ ಎಂದೋ ಸತ್ತುಹೋದ ಯಾರ್‍ಯಾರಿಗೋ ಕೈಮುಗಿಯಬೇಕು ಅನ್ನಿಸಿತು ಅವನಿಗೆ.

ಬುಡಕ್ಕೊಂದು ಚಪ್ಪಟೆ ಕಲ್ಲಿಟ್ಟರೆ ಸುಶೀಲವ್ವ ಏರಿ ನಿಲ್ಲಬಹುದಲ್ಲ ಎಂದು ಅವನು ಮೆಲ್ಲಗೆ ಹೇಳಿ ನೋಡಿದ. ಮಳೆಯಲ್ಲಿ ಅದಕ್ಕೆ ಪಾಚಿಗಟ್ಟಿದರೆ ಹೊರೆ ಸಮೇತ ಜಾರಿ ಬೀಳುತ್ತೇನೆ ಎಂದಳು ಅವಳು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ರಾಜೇಸಾಬರು ಕಲ್ಲನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ಚೈನಿಗೆ ಕೈಹಾಕಿದರು.

"ಇಳಸೂಣು," ಎಂದರು. ಅಷ್ಟೇ. ಬೈಗುಳವಿಲ್ಲ. ಅದು ಸಿದ್ದಲಿಂಗನಿಗೆ ಚೀಲಕ್ಕಿಂತ ಭಾರವಾಯಿತು.

ಚೀಲ ಇಳಿಸಿ, ಅಡ್ಡಗಲ್ಲು ಇಳಿಸಿ, ಕಂಬ ಕಿತ್ತು, ಗುಂಡಿಯನ್ನು ಇನ್ನೂ ಆಳ ಮಾಡಬೇಕಾಯಿತು. ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು. ಯಾರೂ ಹೇಳದಿದ್ದರೂ ಸಿದ್ದಲಿಂಗ ಹಾರೆ ಎತ್ತಿಕೊಂಡ. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಈ ಸಲ ಅಳತೆಗೆ ನಿಂತವಳು ಸುಶೀಲವ್ವ.

ಮೊದಲ ಹನಿ ಬೀಳುವಾಗ ಅಡ್ಡಗಲ್ಲು ಕೂತಿತು. ಚೀಲವನ್ನು ಮತ್ತೆ ಅವಳ ತಲೆಗೇರಿಸಿದರು. ಅವಳು ಹತ್ತಿರ ಬಂದು ತುಸು ಮೊಳಕಾಲು ಬಗ್ಗಿಸಿದಳು. ಚೀಲ ತಾನಾಗಿ ಕಲ್ಲಿನ ಮೇಲೆ ಕೂತಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ರಾಜೇಸಾಬರ ತಲೆ ನೇವರಿಸಿ ತನ್ನ ಹಣೆಯ ಬದಿಗೆ ಲಟಿಕೆ ಮುರಿದಳು. ನೆರೆತ ಗಡ್ಡದ ಆ ಮನುಷ್ಯ ತಲೆ ತಗ್ಗಿಸಿ ನಿಂತರು.

ದಣಿವಾರಿದ ಮೇಲೆ ಅವಳು ಚೀಲಕ್ಕೆ ತಲೆಯೊಡ್ಡಿದಳು. ಎತ್ತಿಕೊಡಲು ಮುಂದೆ ಹೋದ ಸಿದ್ದಲಿಂಗನ ತೋಳನ್ನು ರಾಜೇಸಾಬರು ಹಿಡಿದರು.

"ಬ್ಯಾಡೋ. ಅಕಿ ತಾನ ಹೊರತಾಳ."

ಹೊತ್ತಳು. ಇಬ್ಬರೂ ಮಳೆಯಲ್ಲಿ ನೆನೆಯುತ್ತ, ಅವಳು ಒಬ್ಬಳೇ ತಿರುವು ದಾಟುವವರೆಗೆ ನೋಡುತ್ತ ನಿಂತರು.