ಚಾರ್ಜ್ ಕೊಟ್ಟು ಕೂತ ಹತ್ತು ನಿಮಿಷ

ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ನಾನು ಒಂದೇ ಲ್ಯಾಬ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ. ವಿಷಯ ವಿದ್ಯುತ್ ಯಂತ್ರಗಳು. ಎರಡು ಸಲವೂ ಆದದ್ದು ಒಂದೇ. ಪ್ರಯೋಗ ಸರಿಯಾಗಿ ಮುಗಿಸಿದ್ದೆ, ಲೆಕ್ಕ ತಾಳೆಯಾಗಿತ್ತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಹೇಳಿದೆ. ಎರಡನೆಯದಕ್ಕೆ ಬಾಯಿ ಒಣಗಿತು, ಎದುರಿಗಿದ್ದ ಮೀಟರಿನ ಅಂಕಿಗಳು ಕಾಣಿಸಿದರೂ ಓದಲು ಬರಲಿಲ್ಲ. ಮೂರನೆಯ ಸಲವೂ ಹೀಗೇ ಆದರೆ ಕೊನೆಯ ವರ್ಷಕ್ಕೆ ಹೋಗುವಂತಿರಲಿಲ್ಲ. ಜೊತೆಯವರೆಲ್ಲ ಮುಂದೆ ಹೋಗುತ್ತಾರೆ, ನಾನು ಒಂದು ವರ್ಷ ಅಲ್ಲೇ ಉಳಿಯಬೇಕು.

ಕಾಲೇಜು ಇದ್ದದ್ದು ವಿಜಯವಾಡದ ಹೊರವಲಯದಲ್ಲಿ. ಒತ್ತಡಕ್ಕೆ ಮದ್ದು ಅಂತ ಅಲ್ಲಿ ಧ್ಯಾನದ ತರಗತಿ ಇಟ್ಟಿದ್ದರು. ಬೆಳಿಗ್ಗೆ ಆರಕ್ಕೆ, ಮೇಲಿನ ಮಹಡಿಯ ಹಾಲಿನಲ್ಲಿ. ಬಾಗಿಲಲ್ಲೇ ಬೆರಳೊತ್ತುವ ಯಂತ್ರ. ಆರೂ ಐದಕ್ಕೆ ಅದು ಬಂದ್. ಸ್ಪೀಕರಿನಲ್ಲಿ ಕೊಳಲಿನ ಜೊತೆ ಒಂದು ಮೆತ್ತನೆಯ ದನಿ, ಆಲೋಚನೆಗಳನ್ನು ಮೋಡಗಳಂತೆ ಸಾಗಿಹೋಗಲು ಬಿಡಿ ಎನ್ನುತ್ತಿತ್ತು. ಸಾಲುಗಳ ನಡುವೆ ಮೇಡಂ ಒಬ್ಬರು ಪಟ್ಟಿ ಹಿಡಿದು ಓಡಾಡುತ್ತ, ಕಣ್ಣು ಬಿಟ್ಟವರ ರೋಲ್ ನಂಬರ್ ಬರೆದುಕೊಳ್ಳುತ್ತಿದ್ದರು. ಅವರ ಚಪ್ಪಲಿಯ ಸದ್ದು ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿಯೇ ಹೇಳುವಷ್ಟು ನಾನು ಪಳಗಿದೆ. ಒಂದು ತಿಂಗಳ ಧ್ಯಾನದಿಂದ ನಾನು ಖಚಿತವಾಗಿ ಕಲಿತದ್ದು ಅಷ್ಟೇ.

ಕಣ್ಣು ಬಿಟ್ಟದ್ದಕ್ಕೆ ಎರಡು ಸಲ ನನ್ನ ನಂಬರೂ ಪಟ್ಟಿ ಸೇರಿತು. ನನ್ನ ರೂಮ್‌ಮೇಟ್‌ಗೆ ಅದೊಂದು ಹಬ್ಬ. ಅವಳು ಪಕ್ಕದ ಕೊಂಡಪಲ್ಲಿಯವಳು, ಮರದ ಗೊಂಬೆಗೆ ಬಣ್ಣ ಹಚ್ಚುವ ಮನೆಯವಳು. ಅವಳದೂ ಅದೇ ಲ್ಯಾಬ್ ಉಳಿದಿತ್ತು, ಆದರೆ ನಪಾಸಾದದ್ದು ಒಂದೇ ಸಲ. ನಾವು ಮಾತಾಡುತ್ತಿದ್ದುದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಏಮೇ, ಧ್ಯಾನದಲ್ಲೂ ಸಪ್ಲಿಮೆಂಟರಿ ತಂದ್ಯಾ?" ಅಂದಳು. "ನಮ್ಮಮ್ಮ ಗೊಂಬೆಗೆ ಕಣ್ಣು ಬರೆಯೋವಾಗ ಉಸಿರೇ ಬಿಡಲ್ಲ, ಕೈ ಅಲ್ಲಾಡುತ್ತೆ ಅಂತ. ನೀನು ನೋಡಿದ್ರೆ ಉಸಿರು ಬಿಡೋದನ್ನೇ ಒಂದು ಸಬ್ಜೆಕ್ಟ್ ಮಾಡ್ಕೊಂಡಿದ್ದೀಯ. ಅದರಲ್ಲೂ ಫೇಲು!"

ನನಗೆ ನಗು ಬರಲಿಲ್ಲ. ಮೂರನೆಯ ಪರೀಕ್ಷೆಗೆ ಐದು ವಾರ ಇತ್ತು.

ಆ ನಡುವೆ ಓದಿಗೆಂದು ಹತ್ತು ದಿನ ರಜೆ ಸಿಕ್ಕಿತು. ರೈಲು ಹತ್ತಿ ವಿಶಾಖಪಟ್ಟಣಕ್ಕೆ, ಗಾಜುವಾಕದ ನಮ್ಮ ಬಾಡಿಗೆ ಮನೆಗೆ ಬಂದೆ. ಅಪ್ಪ ಧಾರವಾಡದ ಕಡೆಯವನು, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಪಂಪ್‌ಹೌಸ್‌ನಲ್ಲಿ ಷಿಫ್ಟ್ ಇಂಜಿನಿಯರ್. ಅಮ್ಮ ವಿಜಯವಾಡದ ತೆಲುಗಿನವಳು. ಮನೆಯಲ್ಲಿ ಮೂವರೂ ಸೇರಿದರೆ ತೆಲುಗು. ನಾನೂ ಅಪ್ಪನೂ ಇಬ್ಬರೇ ಆದಾಗ ಧಾರವಾಡದ ಕನ್ನಡ. ಹಾಗಾಗಿ ನಾನು ಕನ್ನಡ ಆಡುವುದು ಹೆಚ್ಚಾಗಿ ನಮ್ಮ ತಾರಸಿಯ ಮೇಲೆ, ಸಂಜೆ ಅಪ್ಪ ಷಿಫ್ಟ್ ಮುಗಿಸಿ ಬಂದು ಚಹಾ ಹಿಡಿದು ಕೂತಾಗ.

"ಯಾಕವಾ, ಮಾರಿ ಹಿಂಗ್ಯಾಕ ಆಗೇದ? ಹಾಸ್ಟೆಲ್ ಊಟ ಛಲೋ ಇಲ್ಲೇನು?"

"ಊಟ ಅಲ್ಲಪ್ಪಾ. ವೈವಾ. ಈ ಸಲನೂ ಹೋದ್ರ ವರ್ಷ ಹೋಗ್ತದ."

ಎಲ್ಲವನ್ನೂ ಹೇಳಿದೆ. ಧ್ಯಾನದ ತರಗತಿಯ ವಿಷಯಕ್ಕೆ ಬಂದಾಗ ಅವನು ಚಹಾ ಕೆಳಗಿಟ್ಟು ನಕ್ಕ. ಆಮೇಲೆ ಕೇಳಿದ: "ಅಲ್ಲಾ, ಕೂಡೂಕಿಂತ ಮೊದಲು ಚಾರ್ಜ್ ಯಾರಿಗೆ ಕೊಡ್ತೀ?"

ನನಗೆ ಅರ್ಥವಾಗಲಿಲ್ಲ. ಅವನು ವಿವರಿಸಿದ. ಪಂಪ್‌ಹೌಸ್‌ನಲ್ಲಿ ಷಿಫ್ಟ್ ಮುಗಿದ ಕೂಡಲೇ ಯಾರೂ ಎದ್ದು ಬರುವಂತಿಲ್ಲ. ಲಾಗ್ ಪುಸ್ತಕದಲ್ಲಿ ಎಲ್ಲವನ್ನೂ ಬರೆಯಬೇಕು: ಎರಡನೆಯ ಪಂಪು ಓಡುತ್ತಿದೆ, ಮೂರನೆಯದು ಸಿದ್ಧವಾಗಿದೆ, ನಾಲ್ಕನೆಯದರ ಬೇರಿಂಗ್ ಸದ್ದು ಮಾಡುತ್ತಿದೆ, ಗಮನ ಇರಲಿ. ಬರೆದದ್ದನ್ನು ಮುಂದಿನ ಷಿಫ್ಟಿನವನಿಗೆ ಓದಿ ಹೇಳಬೇಕು. ಅವನು ಸಹಿ ಹಾಕಿದ ಮೇಲೆ ಮಾತ್ರ ಹೊರಗೆ ಹೆಜ್ಜೆ. ಇದಕ್ಕೆ ಚಾರ್ಜ್ ಕೊಡುವುದು ಎನ್ನುತ್ತಾರೆ.

"ಸಹಿ ಬಿದ್ದ ಮ್ಯಾಲೆ ಆ ಬೇರಿಂಗ್ ನಂದಲ್ಲ. ಗೇಟ್ ದಾಟಿ ಸ್ಕೂಟರ್ ಹತ್ತಿದ್ರ ನನ್ನ ತಲ್ಯಾಗ ಬರೇ ರಸ್ತೆ ಇರ್ತದ. ನೀ ಚಾರ್ಜ್ ಕೊಡಲಾರದ ಕಣ್ಣ ಮುಚ್ಚಿದ್ರ ಪಂಪು ಯಾರ ನೋಡ್ಬೇಕು? ಅದಕ್ಕ ಮನಸು ಅಲ್ಲೇ ಅಡ್ಡಾಡ್ತದ."

"ಹಂಗಾರ ನಾ ಯಾರಿಗೆ ಕೊಡ್ಲಿ?"

"ನನಗ ಕೊಡು. ಹತ್ತು ನಿಮಿಷ ನಾ ನೋಡ್ಕೋತೀನಿ."

ಮರುದಿನ ಸಂಜೆ ಹಳೆಯ ಡೈರಿಯೊಂದನ್ನು ತಂದು ಪುಟಕ್ಕೆ ಗೆರೆ ಎಳೆದು ನಾಲ್ಕು ಅಂಕಣ ಮಾಡಿಕೊಟ್ಟ: ಹೊತ್ತು, ಏನಾಯಿತು, ಬಾಕಿ, ಷರಾ. ನಾನು ಬರೆದೆ: "ವೈವಾ ಅಂದರೆ ತುಂಬಾ ಭಯ. ಏನೂ ತೋಚುವುದಿಲ್ಲ." ಅವನು ಕನ್ನಡಕ ಏರಿಸಿ ಓದಿ, ಡೈರಿ ವಾಪಸ್ ಕೊಟ್ಟ.

"ಇದು ಲಾಗ್ ಅಲ್ಲ. 'ಪಂಪಿಗೆ ಬ್ಯಾಸರ ಆಗೇದ' ಅಂತ ಯಾರರ ಬರೀತಾರೇನು? ಎಷ್ಟು ಹೊತ್ತಿಗೆ, ಯಾವ ಮಷೀನು, ಏನ ಆತು. ಅಷ್ಟ ಬರಿ."

ತಿದ್ದಿ ಬರೆದೆ. ಮೂರನೆಯ ಸಲಕ್ಕೆ ಒಪ್ಪಿದ. ಮುಂದೆ ನಾನು ಪತ್ರಕರ್ತೆಯಾದ ಮೇಲೆ ಸುದ್ದಿಮನೆಯಲ್ಲಿ ನನ್ನ ಪ್ರತಿಗಳನ್ನು ತಿದ್ದಿದ ಯಾರೂ ಅವನಷ್ಟು ಕಟ್ಟುನಿಟ್ಟಾಗಿರಲಿಲ್ಲ. ಆ ಡೈರಿ ಈಗಲೂ ನನ್ನ ಬಳಿ ಇದೆ. ಮೊದಲ ದಿನದ ನಮೂದು ಹೀಗಿದೆ: "ಹೋದ ಸಲದ ವೈವಾ. ಬೆಳಿಗ್ಗೆ 10.40. ಮೊದಲ ಪ್ರಶ್ನೆ, ಉತ್ತರ ಹೇಳಿದೆ. ಸರ್ ಪೆನ್ನು ಎತ್ತಿದರು. ಎರಡನೆಯ ಪ್ರಶ್ನೆ. ಬಾಯಿ ಒಣಗಿತು. ಉತ್ತರ ಗೊತ್ತಿತ್ತು."

ಅಪ್ಪ ಅದನ್ನು ಗಟ್ಟಿಯಾಗಿ ಓದಿ, ಇಂಗ್ಲಿಷಿನಲ್ಲಿ ಪುಟ್ಟ ಸಹಿ ಹಾಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿದೆ. ಕೆಳಗೆ ಆಟೋಗಳ ಹಾರ್ನು, ಪಕ್ಕದ ಮನೆಯ ಕುಕ್ಕರಿನ ಸೀಟಿ, ಸ್ಟೀಲ್ ಪ್ಲಾಂಟ್ ಸ್ಟೀಲ್ ಪ್ಲಾಂಟ್ ಎಂದು ಕೂಗುವ ಆಟೋದವನ ದನಿ. ಉಸಿರು ಬಂತು, ಹೋಯಿತು. ಉಸಿರು ಎಣಿಸುತ್ತ ಏಳಕ್ಕೋ ಎಂಟಕ್ಕೋ ಬಂದಾಗ ವೈವಾ ತಲೆ ಎತ್ತಿತು. ಅದು ಈಗ ಅಪ್ಪನ ಡ್ಯೂಟಿ ಎಂದುಕೊಂಡೆ. ಅವನು ನಿಜಕ್ಕೂ ನೋಡಿಕೊಳ್ಳುತ್ತಿದ್ದಾನೋ ಎಂಬ ಅನುಮಾನಕ್ಕೆ ಒಂದು ಕಣ್ಣು ತೆರೆದೆ. ಅಪ್ಪ ಬೆನ್ನು ನೇರ ಮಾಡಿ, ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನೇ ನೋಡುತ್ತ ಕೂತಿದ್ದ. ಫೋನು ಜೇಬಿನಲ್ಲಿತ್ತು. ನಾನು ಕಣ್ಣು ಮುಚ್ಚಿದೆ.

ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದ ಅಮ್ಮ ನಮ್ಮಿಬ್ಬರನ್ನು ಕಂಡು ನಿಂತಳು. "ಏಂಟಂಡೀ ಇದಿ, ಇಂಟ್ಲೋ ಕೂಡಾ ಷಿಫ್ಟಾ?" ಏನ್ರೀ ಇದು, ಮನೆಯಲ್ಲೂ ಷಿಫ್ಟಾ ಎಂದು. ಅಪ್ಪ ತುಟಿಯ ಮೇಲೆ ಬೆರಳಿಟ್ಟ. ಹತ್ತು ನಿಮಿಷವಾದ ಮೇಲೆ ಷರಾ ಎಂಬಲ್ಲಿ "ನಾರ್ಮಲ್" ಎಂದು ಬರೆದು ಡೈರಿ ನನಗೆ ಮರಳಿಸಿದ. ಚಿಂತೆ ಎಲ್ಲಿಯೂ ಹೋಗಿರಲಿಲ್ಲ. ಆದರೆ ಹತ್ತು ನಿಮಿಷ ನನ್ನ ಹತ್ತಿರ ಇರಲಿಲ್ಲ, ಅದರಿಂದ ಏನೂ ಅನಾಹುತ ಆಗಿರಲಿಲ್ಲ.

ಐದನೆಯ ದಿನ ಅಪ್ಪ ಸಹಿ ಹಾಕುವ ಮೊದಲು ಹಿಂದಿನ ಪುಟಗಳನ್ನು ತಿರುವಿದ. ಎರಡೂ ವೈವಾಗಳನ್ನು, ಕ್ಲಾಸಿನ ಸಣ್ಣಪುಟ್ಟ ಮೌಖಿಕ ಪರೀಕ್ಷೆಗಳನ್ನು ನಾನು ಒಂದೊಂದಾಗಿ ಬರೆದಿದ್ದೆ.

"ಪ್ರತಿ ಸಲ 'ಪೆನ್ನು ಎತ್ತಿದರು' ಅಂತ ಬರದೀಯಲ್ಲ. ಏನದು?"

ನೋಡಿದೆ. ನಿಜ. ನಾನೇ ಬರೆದದ್ದು, ನನಗೇ ಗೊತ್ತಿರಲಿಲ್ಲ. ಮೊದಲ ಉತ್ತರ ಮುಗಿದೊಡನೆ ಪರೀಕ್ಷಕರು ಅಂಕ ಹಾಕಲು ಪೆನ್ನು ಎತ್ತುತ್ತಿದ್ದರು. ಎಷ್ಟು ಹಾಕಿದರು ಎಂದು ನನ್ನ ಕಣ್ಣು ಆ ಪೆನ್ನಿನ ಹಿಂದೆ ಹೋಗುತ್ತಿತ್ತು. ಅಷ್ಟರಲ್ಲಿ ಎರಡನೆಯ ಪ್ರಶ್ನೆ ಬರುತ್ತಿತ್ತು.

"ಪೆನ್ನು ನೋಡಬ್ಯಾಡ. ಮಷೀನ್ ನೋಡು," ಅಂದ ಅಪ್ಪ. "ಮಷೀನ್ ನಿನಗ ಮಾರ್ಕ್ಸ್ ಹಾಕಂಗಿಲ್ಲ."

ರಜೆ ಮುಗಿದು ವಿಜಯವಾಡಕ್ಕೆ ಹಿಂತಿರುಗಿದ ಮೇಲೆ ಸಂಜೆ ಪುಟದ ಫೋಟೊ ಕಳಿಸುತ್ತಿದ್ದೆ. ಅಪ್ಪ ಮನೆಯಲ್ಲಿದ್ದರೆ "ತಗೊಂಡೆ" ಎಂದು ಉತ್ತರ ಬರುತ್ತಿತ್ತು; ಅದು ಬಂದ ಮೇಲೆಯೇ ಕೂರುತ್ತಿದ್ದೆ. ಅವನಿಗೆ ಮಧ್ಯಾಹ್ನದ ಷಿಫ್ಟ್ ಇದ್ದ ವಾರ ಉತ್ತರವೇ ಇಲ್ಲ. ವಿಧಿಯಿಲ್ಲದೆ, ತೆಲುಗಿನಲ್ಲಿ ಬರೆದು, ರೂಮ್‌ಮೇಟ್‌ಗೆ ಚಾರ್ಜ್ ಕೊಟ್ಟೆ. ಅವಳು ಸುದ್ದಿ ಓದುವವರ ಧಾಟಿಯಲ್ಲಿ ಓದಿದಳು. ನಡುವೆ ನಿಂತಳು.

"ಇದೇನೇ, 'ರೂಮ್‌ಮೇಟ್ ಓದಿ ಮುಗಿಸಿದ್ದಾಳೆ, ನಾನಿನ್ನೂ ಮುಗಿಸಿಲ್ಲ' ಅಂತ? ಅಬ್ಬಾ! ನಾನೂ ಮುಗಿಸಿಲ್ಲ ಕಣೇ. ಪುಸ್ತಕ ಮುಚ್ಚಿಟ್ಟಿದ್ದು ನಿದ್ದೆ ಬಂತು ಅಂತ. ಹೊಡೆದು ಹಾಕು ಇದನ್ನ."

ಹೊಡೆದು ಹಾಕಿದೆ. ಅವಳು ಸಹಿಯ ಜಾಗದಲ್ಲಿ ಒಂದು ಗೊಂಬೆಯ ಮುಖ ಬರೆದಳು. ಕಿಟಕಿಯಾಚೆ ದೂರದಲ್ಲಿ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ದೀಪಗಳು ಹತ್ತಿಕೊಳ್ಳುವ ಹೊತ್ತು ಅದು. ಆ ವಾರದಲ್ಲಿ ಒಂದು ದಿನ ಹತ್ತು ನಿಮಿಷ ಆದದ್ದೇ ತಿಳಿಯಲಿಲ್ಲ. ಅವಳೇ ಭುಜ ತಟ್ಟಿ, "ಏಳಮ್ಮಾ ಸನ್ಯಾಸಿನಿ, ಮೆಸ್ಸಲ್ಲಿ ಸಾಂಬಾರ್ ಮುಗಿಯುತ್ತೆ," ಅಂದಳು. ಬೆಳಗಿನ ತರಗತಿಗೂ ಹೋಗುತ್ತಲೇ ಇದ್ದೆ. ಮೇಡಂ ಚಪ್ಪಲಿಯ ಸದ್ದು ಯಾವ ಸಾಲಿನಲ್ಲಿತ್ತು ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ವೈವಾದ ದಿನ ಅಪ್ಪ ಬೆಳಗಿನ ಷಿಫ್ಟಿನಲ್ಲಿದ್ದ. ಲ್ಯಾಬ್ ಹೊರಗೆ ಬೆಂಚಿನ ಮೇಲೆ ಕೂತು ಬರೆದು ಡೈರಿಯನ್ನು ರೂಮ್‌ಮೇಟ್ ಕೈಗಿಟ್ಟೆ. ಅವಳ ಸರದಿ ನನ್ನ ನಂತರ. "ನನ್ನದೇ ನನಗೆ ಸಾಲದೆ ನಿನ್ನದೂ ಹೊರಬೇಕಾ?" ಎಂದಳು, ಆದರೂ ಗೊಂಬೆಯ ಮುಖ ಬರೆದು ಡೈರಿಯನ್ನು ಎದೆಗೊತ್ತಿ ಹಿಡಿದಳು.

ನನಗೆ ಬಂದದ್ದು ಡಿಸಿ ಮೋಟರ್. ಪರೀಕ್ಷಕರು ಬೇರೆಯವರು, ವಯಸ್ಸಾದವರು. ಮೊದಲ ಪ್ರಶ್ನೆಗೆ ಹೇಳಿದೆ. ಪೆನ್ನು ಮೇಲೆದ್ದಿತು. ನೋಡಿದೆ, ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡನೆಯ ಪ್ರಶ್ನೆ ಬಂತು: ಮೋಟರ್ ಓಡುತ್ತಿರುವಾಗ ಅದರ ಫೀಲ್ಡ್ ತಂತಿ ಕಡಿದರೆ ಏನಾಗುತ್ತದೆ? ಬಾಯಿ ಒಣಗಿತು.

"ಒಂದು ನಿಮಿಷ, ಸರ್."

"ತಗೊಳ್ಳಿ."

ಮೋಟರಿನ ಕಡೆ ತಿರುಗಿದೆ. ಅದಕ್ಕೆ ಹಸಿರು ಬಣ್ಣ, ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಉಸಿರು ಬಂತು, ಹೋಯಿತು. ನಾಲ್ಕು ಸಲ ಇರಬೇಕು. ಹೊರಗೆ ಬೆಂಚಿನ ಮೇಲೆ ಡೈರಿ ಹಿಡಿದು ಒಬ್ಬಳು ಕೂತಿದ್ದಾಳೆ ಎನ್ನುವುದು ನೆನಪಾಯಿತು. ಹೇಳಿದೆ: ಲೋಡ್ ಕಡಿಮೆ ಇದ್ದರೆ ವೇಗ ಮಿತಿ ಮೀರಿ ಏರುತ್ತದೆ, ಮೋಟರ್ ಹಾಳಾಗುತ್ತದೆ, ಅದಕ್ಕೇ ಸ್ಟಾರ್ಟರಿನಲ್ಲಿ ರಕ್ಷಣೆ ಇಟ್ಟಿರುತ್ತಾರೆ. ಅದು ಎಲ್ಲಿದೆ ಎಂದು ತೋರಿಸಿದೆ. ಮೂರನೆಯದು, ನಾಲ್ಕನೆಯದು ಕೇಳಿದರು. ಕೊನೆಗೆ ಮೋಟರ್ ನಿಲ್ಲಿಸಲು ಹೇಳಿದರು. ಲೋಡ್ ತೆಗೆದು, ಸ್ವಿಚ್ ಆರಿಸಿ, ನೇರ ನಿಂತು, ಯಾರೂ ಕೇಳದಿದ್ದರೂ ಒಪ್ಪಿಸಿಬಿಟ್ಟೆ: "ಲೋಡ್ ತೆಗೆದಿದೆ. ಸಪ್ಲೈ ಆಫ್. ಮೋಟರ್ ನಿಂತಿದೆ. ಬಾಕಿ ಏನಿಲ್ಲ. ಚಾರ್ಜ್ ತಗೊಳ್ಳಿ, ಸರ್."

ಪರೀಕ್ಷಕರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ ತೆಲುಗಿನಲ್ಲಿ ಕೇಳಿದರು: "ಏನಮ್ಮಾ, ನಾನ್ನ ಪ್ಲಾಂಟಿನಲ್ಲಾ?" ನಾನ್ನ ಎಂದರೆ ಅಪ್ಪ. ಹೌದೆಂದೆ. "ತಗೊಂಡೆ," ಅಂದರು. "ಹೋಗು."

ಎರಡೂವರೆಗೆ ಅಪ್ಪನ ಫೋನು ಬಂತು. ಹೇಗಾಯಿತು ಎಂದು ಕೇಳಲಿಲ್ಲ. "ಓದು," ಅಂದ. ಓದಿದೆ. ಬಾಯಿ ಒಣಗಿದ್ದನ್ನೂ ಪೆನ್ನು ನೋಡಿದ್ದನ್ನೂ ಬಿಡಲಿಲ್ಲ.

"ಬಾಕಿ?"

"ರಿಸಲ್ಟ್."

"ಅದು ನಿನ್ನ ಷಿಫ್ಟಿನ್ಯಾಗ ಬರೂದಿಲ್ಲ. ಅವರದು. ಉಂಡೇನು?"

ಫಲಿತಾಂಶ ಹದಿನೈದು ದಿನದ ಮೇಲೆ ಬಂತು. ಇಬ್ಬರೂ ಪಾಸು. ನನಗಿಂತ ಅವಳಿಗೆ ನಾಲ್ಕು ಅಂಕ ಹೆಚ್ಚು. ಅದನ್ನು ಡೈರಿಯಲ್ಲಿ ಅವಳೇ ತನ್ನ ಕೈಯಾರೆ ನಮೂದಿಸಿದ್ದಾಳೆ.

ಕೊನೆಯ ವರ್ಷ ಶುರುವಾಗುವ ಮೊದಲು ಗಾಜುವಾಕಕ್ಕೆ ಹೋದೆ. ಸಂಜೆ ತಾರಸಿಯಲ್ಲಿ ಡೈರಿ ತೆರೆದರೆ ಬರೆಯಲು ಏನೂ ಇರಲಿಲ್ಲ. ಹೊತ್ತು ಹಾಕಿ, "ಬಾಕಿ ಇಲ್ಲ" ಎಂದು ಬರೆದು ಅಪ್ಪನಿಗೆ ಕೊಟ್ಟೆ. ಅವನು ಓದಿ ಸಹಿ ಹಾಕಿದ. ಆದರೆ ಡೈರಿ ಇಟ್ಟುಕೊಳ್ಳಲಿಲ್ಲ; ಅದರ ಕೆಳಗೇ ಏನೋ ಗೀಚಿ ನನ್ನತ್ತ ಚಾಚಿದ.

"ತಗೋ. ಇವತ್ತ ನಂದು ನೀ ನೋಡ್ಕೋ. ಬಿಪಿ ಭಾಳ ಆಗೇದಂತ, ಡಾಕ್ಟರು ದಿನಾ ಸ್ವಲ್ಪ ಸುಮ್ಮನ ಕೂಡ್ರಿ ಅಂದಾರ."

ಗಟ್ಟಿಯಾಗಿ ಓದಿದೆ. "ನಾಲ್ಕನೇ ಪಂಪು, ಬೇರಿಂಗ್ ಮತ್ತೆ ಸದ್ದು."

"ಅಪ್ಪಾ, ಇದನ್ನ ಗೇಟಿನಾಗ ಬಿಟ್ಟು ಬರ್ತೀನಿ ಅಂದಿದ್ದಿ!"

"ಒಮ್ಮೊಮ್ಮೆ ಸ್ಕೂಟರ್ ಹಿಂದ ಹತ್ತಿ ಬರ್ತದ," ಅಂದ.

ಸಹಿ ಹಾಕಿ, ಪ್ಲಾಸ್ಟಿಕ್ ಕುರ್ಚಿಗೆ ಬಂದು ಬೆನ್ನು ನೇರ ಮಾಡಿ ಕೂತೆ. ಅಪ್ಪ ಚಾಪೆಯ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದ. ಆ ಪುಟದ ಷರಾದಲ್ಲಿ ನನ್ನ ಅಕ್ಷರದಲ್ಲಿ ಹೀಗಿದೆ: "ನಾಲ್ಕನೆಯ ನಿಮಿಷಕ್ಕೆ ನಿದ್ದೆ ಹೋದ. ಎಬ್ಬಿಸಿಲ್ಲ. ನಾರ್ಮಲ್."